ರಾಧಾಮಣಿ ಒತ್ತಿದ ಕೆಂಪು ಬಟನ್

ನಮ್ಮ ಮಿಲ್ಲಿನಲ್ಲಿ ಕೆಲಸ ಮಾಡದೆ ಪೂಜೆ ಮಾಡಿಸಿಕೊಳ್ಳುತ್ತಿದ್ದವರು ಇಬ್ಬರು. ಒಬ್ಬರು ಯಜಮಾನರು ಕೋದಂಡಪ್ಪನವರು. ಇನ್ನೊಬ್ಬ ಕೆಂಪಣ್ಣ.

ಕೆಂಪಣ್ಣ ಮನುಷ್ಯನಲ್ಲ. ಬೆಲ್ಟಿನ ಪಕ್ಕದ ಕಬ್ಬಿಣದ ಕಂಬದಲ್ಲಿ ಒಂದು ಹಳದಿ ಡಬ್ಬಿ ಇತ್ತು. ಅದರ ಮೇಲೆ ಅಣಬೆಯ ತಲೆಯಂಥ ಕೆಂಪು ಬಟನ್. ಅನಾಹುತವಾದಾಗ ಅದನ್ನು ಒತ್ತಬೇಕು. ಒತ್ತಿದ ಕೂಡಲೇ ಮೋಟಾರು ನಿಲ್ಲಬೇಕು. ಅವನಿಗಿದ್ದದ್ದು ಅದೊಂದೇ ಕೆಲಸ. ಅದನ್ನೂ ಅವನು ಬಿಟ್ಟಿದ್ದಾನೆ ಎಂದು ನಮಗೆ ತಿಳಿದದ್ದು ಆಮೇಲೆ. ಆಯುಧಪೂಜೆ ಬಂದರೆ ಮಾತ್ರ ವಿಭೂತಿ, ಕುಂಕುಮ, ಚೆಂಡುಹೂವಿನ ಹಾರ ಎಲ್ಲಾ ಅವನಿಗೇ. ಅವನಿಗೆ ಕುಂಕುಮ ಇಡುವಾಗ ಕೋದಂಡಪ್ಪನವರು ಬೆರಳು ತಾಗಿಸಿ, ಸಾವಕಾಶವಾಗಿ, ಮಗುವಿಗೆ ಇಟ್ಟ ಹಾಗೆ ಇಡುತ್ತಿದ್ದರು. ನಮಗೆ ಪುರಿ ಪೊಟ್ಟಣ ಕೊಡುವಾಗ ಮೇಲಿಂದ ಕೈಗೆ ಬೀಳಿಸುತ್ತಿದ್ದರು. ಎಲ್ಲಿ ತಾಗಿಬಿಡುತ್ತೇವೋ ಎಂದು.

ನಾನು ಇಂದ್ರಾಣಿ. ಚಾಂಪಿಯನ್ ರೀಫ್ಸಿನಲ್ಲಿ ಚಿನ್ನದ ಗಣಿಯ ಆಳುಗಳಿಗೆಂದು ಸಾಲಾಗಿ ಕಟ್ಟಿದ ಲೈನ್ ಮನೆಯವಳು. ಗಣಿ ಮುಚ್ಚಿದ ಮೇಲೆ ನಮಗೆ ಉಳಿದದ್ದು ಚಿನ್ನ ತೆಗೆದು ಸುರಿದ ಮಣ್ಣಿನ ಸೈನೈಡ್ ದಿಬ್ಬದ ಧೂಳು, ನಮ್ಮಪ್ಪನ ಕೆಮ್ಮು ಮತ್ತು ಬೆಳಗಿನ ರೈಲು. ಸೀಟು ಸಿಗಲಿ ಅಂತ ಹಿಂದಕ್ಕೆ ನಡೆದು, ರೈಲು ಹೊರಡುವ ಮಾರಿಕುಪ್ಪಂಗೇ ಹೋಗಿ ರೈಲು ಹತ್ತುತ್ತೇವೆ. ಬಂಗಾರಪೇಟೆಯಲ್ಲಿ ಇಳಿದು ನಡೆದರೆ ಊರಾಚೆ ನಮ್ಮ ಮಿಲ್ಲು. ಹಸುಗಳಿಗೆ ಹಿಂಡಿ ಮಾಡುವ ಮಿಲ್ಲು. ಜೋಳದ ನುಚ್ಚು, ಹತ್ತಿಕಾಳಿನ ಹಿಂಡಿ, ತವುಡು ಎಲ್ಲಾ ಬೆಲ್ಟಿನ ಮೇಲೆ ಹರಿದು ಮಿಕ್ಸರಿಗೆ ಬೀಳುತ್ತದೆ. ಅದಕ್ಕೆ ಕಾಕಂಬಿ ಸುರಿಯುತ್ತಾರೆ. ಸಕ್ಕರೆ ಫ್ಯಾಕ್ಟರಿಯಲ್ಲಿ ಕೊನೆಗೆ ಉಳಿಯುವ ಕರಿ ಪಾಕ ಅದು. ಕೈಗೆ ಅಂಟಿದರೆ ಚರ್ಮ ಬರಬೇಕು, ಅದು ಬರುವುದಿಲ್ಲ.

ಬೆಲ್ಟಿನ ಎರಡೂ ಕಡೆ ನಾವು ಹೆಂಗಸರು ನಿಲ್ಲುತ್ತಿದ್ದೆವು. ಕಲ್ಲು ಆರಿಸಬೇಕು. ಚೀಲದ ದಾರ ಎಳೆದು ಹಾಕಬೇಕು. ಗಟ್ಟಿಯಾದ ಹೆಂಟೆ ಒಡೆಯಬೇಕು. ಬೆಲ್ಟಿನ ರೋಲರಿಗೆ ಮೆತ್ತಿದ್ದನ್ನು ಕೆರೆಯಬೇಕು. ಅದನ್ನು ಬೆಲ್ಟು ಓಡುತ್ತಿರುವಾಗಲೇ ಕೆರೆಯಬೇಕು. ನಿಲ್ಲಿಸಿದರೆ ಕಾಕಂಬಿ ಗಟ್ಟಿಯಾಗುತ್ತದೆ ಎಂದು ಸೂಪರ್‌ವೈಸರ್ ಕಾಂತರಾಜಣ್ಣ ಹೇಳುತ್ತಿದ್ದರು. ಸಂಜೆಗೆ ಧೂಳು ಮೂಗಿನಿಂದ ಹೊಟ್ಟೆಗೂ ಇಳಿದಿರುತ್ತಿತ್ತು. ನಮ್ಮನ್ನು ಹಿಂಡಿದರೆ ಒಂದು ಹಸುವಿಗೆ ಸಾಕಾಗುವಷ್ಟು ಮೇವು ಬರುತ್ತದೆ ಎಂದು ನಮ್ಮ ಲೈನಿನ ರಾಧಾಮಣಿ ನಗುತ್ತಿದ್ದಳು.

ಕಾಂತರಾಜಣ್ಣನ ಕುತ್ತಿಗೆಯಲ್ಲಿ ಸದಾ ಒಂದು ಪೀಪಿ ತೂಗುತ್ತಿತ್ತು. ಕೆಲಸ ಶುರು ಅಂದರೆ ಪೀಪಿ. ಟೀ ಮುಗೀತು ಅಂದರೆ ಪೀಪಿ. ಇಬ್ಬರು ಹೆಂಗಸರು ಮಾತಾಡಿ ನಕ್ಕರೆ ಪೀಪಿ. ಅವರು ಮನೆಯಲ್ಲಿ ಹೆಂಡತಿಯನ್ನು ಅನ್ನ ಕೇಳುವುದೂ ಹೀಗೆಯೇ ಇರಬೇಕು ಎಂದುಕೊಳ್ಳುತ್ತಿದ್ದೆವು.

ಮಿಲ್ಲಿನ ಮೂಲೆಯಲ್ಲಿ ಪ್ಯಾನೆಲ್ ರೂಮು. ಅಲ್ಲಿ ದೊಡ್ಡ ಮೇನ್ ಸ್ವಿಚ್ಚು, ಗೋಡೆ ತುಂಬ ಪೆಟ್ಟಿಗೆಗಳು. ಲೈನ್ ಮನೆ ಹೆಂಗಸರು ಒಳಗೆ ಕಾಲಿಡುವಂತಿಲ್ಲ. ಯಾಕೆ ಅಂದರೆ ದೇವರ ಪಟ ಇದೆ ಅಂದರು. ಊರ ಕಡೆಯ ಲೋಡಿಂಗ್ ಗಂಡಸರು ಮಾತ್ರ ಹೋಗುತ್ತಿದ್ದರು, ಬೀಡಿ ಸೇದುವುದಕ್ಕೆ. ದೇವರಿಗೆ ಬೀಡಿ ಹೊಗೆ ಆಗುತ್ತದೆ, ನಾವು ಆಗುವುದಿಲ್ಲ. ಅಂಥ ದೇವರನ್ನು ಇಟ್ಟುಕೊಂಡು ಕೋದಂಡಪ್ಪನವರು ಏನು ಸುಖಪಟ್ಟರೋ ನಾನರಿಯೆ.

*

ಅವತ್ತು ಏನಾಯಿತು ಎಂಬುದನ್ನು ಸುಮ್ಮನೆ ಹೇಳಿಬಿಡುತ್ತೇನೆ.

ರಾಧಾಮಣಿ ನನ್ನ ಎದುರಿಗೆ, ಕಂಬದ ಪಕ್ಕ ನಿಂತಿದ್ದಳು. ರೋಲರ್ ಕೆರೆಯುತ್ತಿದ್ದಳು. ಚೀಲದ ದಾರವೊಂದು ಅವಳ ಬಲಗೈಗೆ ಸುತ್ತಿಕೊಂಡಿತು. ದಾರದ ಇನ್ನೊಂದು ತುದಿ ರೋಲರಿಗೆ ಸುತ್ತಿಕೊಂಡಿತು. ಕೈ ಒಳಗೆ ಹೋಗತೊಡಗಿತು. ಅವಳು ಕಿರುಚಲಿಲ್ಲ. ಎಡಗೈ ಚಾಚಿ ಕೆಂಪು ಬಟನ್ ಒತ್ತಿದಳು. ಬೆಲ್ಟು ನಿಲ್ಲಲಿಲ್ಲ. ಮತ್ತೆ ಒತ್ತಿದಳು. ಅಂಗೈಯಿಂದ ಹೊಡೆದು ಹೊಡೆದು ಒತ್ತಿದಳು. ಎಷ್ಟು ಸಲ ಎಂದು ಅವಳಿಗೂ ಗೊತ್ತಿಲ್ಲ. ಕಿರುಚಿದವಳು ನಾನು. ಪ್ಯಾನೆಲ್ ರೂಮಿಗೆ ಓಡಿದೆ. ಬಾಗಿಲಿಗೆ ಬೀಗ. ಬೀಗದ ಕೈ ಎಲೆಕ್ಟ್ರಿಷಿಯನ್ ಸುಬ್ರಮಣಿಯ ಸೊಂಟದಲ್ಲಿ. ಸುಬ್ರಮಣಿ ಗೇಟಿನಾಚೆ ಟೀ ಅಂಗಡಿಯಲ್ಲಿ. ಅವನು ಓಡಿಬಂದು ಮೇನ್ ಎಳೆಯುವ ಹೊತ್ತಿಗೆ ಎರಡು ಬೆರಳು ಹೋಗಿದ್ದವು. ಅವು ಹಿಂಡಿಯಲ್ಲಿ ಹೋದವು. ಯಾರೂ ಹುಡುಕಲಿಲ್ಲ. ಕಾಂತರಾಜಣ್ಣ ಹುಡುಕಿದ್ದು ಗಲಾಟೆಯಲ್ಲಿ ಕುತ್ತಿಗೆಯಿಂದ ಬಿದ್ದ ತಮ್ಮ ಪೀಪಿಯನ್ನು.

ಆಸ್ಪತ್ರೆಗೆ ಬಿಸ್ಕತ್ತು ಪೊಟ್ಟಣ ಹಿಡಿದು ಕಾಂತರಾಜಣ್ಣ ಬಂದರು. ಮಂಚದ ತುದಿಯಲ್ಲಿ ನಿಂತು ಮೆತ್ತಗೆ ಮಾತಾಡಿದರು.

“ನೋಡಮ್ಮ, ಬಟನ್ ಸರಿಯಾಗೇ ಐತೆ. ಒತ್ತಿದ್ರೆ ನಿಂತೇ ನಿಲ್ತದೆ. ನೀನು ಒತ್ತಿಲ್ಲ. ಗಾಬ್ರೀಲಿ ಕಂಬ ಒತ್ತಿದೀಯ. ಆಗ್ತದೆ, ತಪ್ಪಲ್ಲ. ಕೇಳಿದೋರಿಗೆ ಅಂಗೇ ಏಳು.”

“ಒತ್ತಿದೆ ಅಣ್ಣ,” ಎಂದಳು ರಾಧಾಮಣಿ.

“ಒತ್ತಿದ್ರೆ ನಿಲ್ತಿತ್ತಲ್ಲಮ್ಮ?”

“ನಾನು ಕಣ್ಣಾರೆ ನೋಡಿದೀನಿ. ಒತ್ತಿದ್ಲು,” ಎಂದೆ ನಾನು.

“ನೀನು ನಿನ್ನ ಕೆಲ್ಸ ನೋಡ್ಬೇಕಾ, ಅವ್ಳ ಕೈ ನೋಡ್ಬೇಕಾ?”

ಆ ಮಾತು ಮಿಲ್ಲಿನಿಂದ ರೈಲಿಗೆ ಬಂತು. ರೈಲಿನಿಂದ ನಮ್ಮ ಲೈನಿಗೆ ಬಂತು. ಒತ್ತಿದ್ದರೆ ನಿಲ್ಲುತ್ತಿತ್ತಲ್ಲ. ನಲ್ಲಿ ಹತ್ತಿರ ಅದೇ ಮಾತು. ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರುವವಳೂ ಅದನ್ನೇ ಕೇಳಿದಳು. ಕೊನೆಗೆ ಒಂದು ದಿನ ಅವಳ ಗಂಡನೇ ಕೇಳಿದ, “ಬೇಜಾರು ಮಾಡ್ಕಬ್ಯಾಡ. ನಿಜವಾಗ್ಲೂ ಒತ್ತಿದ್ಯಾ?” ಬೆರಳು ಹೋದಾಗ ಅಳದವಳು ಅವತ್ತು ನಮ್ಮನೆಗೆ ಬಂದು ಅತ್ತಳು. ನನಗೆ ಮೈಯೆಲ್ಲಾ ಉರಿಯಿತು. ಕೈಯನ್ನೂ ತಿಂದರು, ಮಾತನ್ನೂ ತಿಂದರು.

*

ನಿಜ ಹೇಳಿದವನು ಸುಬ್ರಮಣಿ. ಸಂಜೆ ರೈಲಿನಲ್ಲಿ ನನ್ನನ್ನು ಕಂಡರೆ ಬಾಗಿಲ ಕಡೆ ಹೋಗಿ ನಿಲ್ಲುತ್ತಿದ್ದ. ಒಂದು ಸಂಜೆ ನಾನೂ ಬಾಗಿಲಿಗೆ ಹೋಗಿ ನಿಂತೆ. ಇನ್ನು ಅವನು ಹಾರಬೇಕು, ಇಲ್ಲ ಹೇಳಬೇಕು. ಕೋರಮಂಡಲ್ ಸ್ಟೇಷನ್ ದಾಟಿದ ಮೇಲೆ ಬಾಯಿ ಬಿಟ್ಟ.

“ಅಕ್ಕಾ, ಮೋಟಾರಿಗೆ ಕರೆಂಟು ಅಳೆದು ಕೊಡೋ ಪೆಟ್ಟಿಗೆ ಐತಲ್ಲ, ಡ್ರೈವು. ಕೆಂಪು ಬಟನ್ನಿಂದ ವೈರು ಅದಕ್ಕೆ ಬತ್ತದೆ. ಬಟನ್ ಒತ್ತಿದ್ರೆ ಆ ದಾರಿ ಕಡಿದೋಗ್ತದೆ. ಆಗ ಡ್ರೈವು ಮೋಟಾರಿನ ಕೈ ಬಿಟ್ಬಿಡ್ತದೆ. ಯಾರ ಮಾತೂ ಕೇಳಲ್ಲ.”

“ಮತ್ತೆ ಅವತ್ಯಾಕೆ ಬಿಡ್ಲಿಲ್ಲ?”

“ಇಲಿ ಅಕ್ಕಾ.”

“ಇಲಿನಾ?”

“ಗೋಡೆ ಒಳಗಡೆ ವೈರು ತಿಂದಾಕಿದಾವೆ. ಆವಾಗಾವಾಗ ಬೆಲ್ಟು ತಾನೇ ನಿಂತೋಗೋದು. ಕಾಂತರಾಜಣ್ಣ ಕೂಗಾಡಿದ್ರು. ಗೋಡೆ ಒಡೆದು ಬೇರೆ ವೈರು ಎಳೀಬೇಕು, ಒಂದಿನ ಮಿಲ್ಲು ನಿಲ್ಸಿ ಅಂದೆ. ಯಜಮಾನ್ರು ಆಗಲ್ಲ ಅಂದ್ರು. ಅದಕ್ಕೆ ಡ್ರೈವ್ ಹತ್ರಾನೇ ಒಂದು ಬೆರಳುದ್ದ ವೈರು ಆಕಿ ಬಟನ್ ವೈರಿನ ಎರಡು ತುದೀನೂ ಕೂಡ್ಸ್ಬಿಟ್ಟೆ. ಈಗ ಬಟನ್ ಒತ್ತಿದ್ರೂ ಡ್ರೈವಿಗೆ ಗೊತ್ತಾಗಲ್ಲ. ಯಾರೂ ಒತ್ತಿಲ್ಲ ಅಂತಾನೇ ಅದಕ್ಕೆ ಲೆಕ್ಕ.”

“ಎಷ್ಟುದ್ದ ವೈರು ಅಂದೆ?”

ಅವನು ತಲೆ ತಗ್ಗಿಸಿದ. “ನಾ ಎನ್ನ ಪಣ್ಣಟ್ಟುಂ ಅಕ್ಕಾ,” ಎಂದ. ಅವನಿಗೆ ಸಂಕಟವಾದರೆ ತಮಿಳು ಬರುತ್ತದೆ. ನಾನೇನು ಮಾಡಲಿ ಎಂದು ಕೇಳುತ್ತಿದ್ದ. ಅವನ ಮುಖ ನೋಡಿ ಬೈಗುಳ ನುಂಗಿಕೊಂಡೆ. ಮಿಲ್ಲಿನ ತುಂಬ ಹಿಂಡಿ ಬಿದ್ದಿರುವಾಗ ಇಲಿಗಳು ಅದನ್ನು ಬಿಟ್ಟು ವೈರು ತಿನ್ನುತ್ತವೆ ಅಂದರೆ, ಕೋದಂಡಪ್ಪನವರು ಆ ಹಿಂಡಿಯಲ್ಲಿ ಏನು ಬೆರೆಸುತ್ತಾರೋ ಇಲಿಗಳಿಗೇ ಗೊತ್ತು.

ಪೆಟ್ಟಿಗೆಗೆ ಹೇಳಿದ ಸುಳ್ಳೂ, ನಮಗೆ ಹೇಳಿದ ಸುಳ್ಳೂ ಒಂದೇ ಆಗಿತ್ತು. ಯಾರೂ ಒತ್ತಿಲ್ಲ.

*

ನಮ್ಮ ಹಿಂಡಿ ಕೊಳ್ಳುವ ದೊಡ್ಡ ಕಂಪನಿಯವರ ಕಿವಿಗೆ ಬೆರಳು ಹೋದ ಸುದ್ದಿ ಬಿತ್ತು. ನಾಳೆ ಬಂದು ನೋಡುತ್ತೇವೆ ಎಂದರು. ಬಟನ್ ಒತ್ತಿದಾಗ ಬೆಲ್ಟು ನಿಂತರೆ ತಪ್ಪು ರಾಧಾಮಣಿಯದು. ನಿಲ್ಲದಿದ್ದರೆ ಮಿಲ್ಲಿನದು.

ಅವತ್ತು ಮಧ್ಯಾಹ್ನ ಕಾಂತರಾಜಣ್ಣ ನನ್ನನ್ನು ಪ್ಯಾನೆಲ್ ರೂಮಿನ ಹತ್ತಿರ ಕರೆದರು. ಪೀಪಿ ಊದಲಿಲ್ಲ. “ಇಂದ್ರಾಣಮ್ಮ” ಎಂದರು. ನನ್ನ ಹೆಸರಿಗೆ ಅಮ್ಮ ಸೇರಿಸಿದರು ಅಂದರೆ ಏನೋ ಇದೆ ಎಂದುಕೊಂಡೆ.

“ನಾಳೆ ನಿನಗೊಂದು ಸುಲಭದ ಕೆಲ್ಸ. ಈ ರೂಮಲ್ಲಿ ಬಾಗ್ಲು ಆಕ್ಕಂಡು ಕೂತಿರು. ಅವರು ಆ ಕಡೆ ಬಟನ್ ಒತ್ತೋವಾಗ ನಾನು ವಿಷಲ್ ಊದ್ತೀನಿ. ಊದಿದ್ ತಕ್ಷಣ ಮೇನ್ ಸ್ವಿಚ್ಚಿನ ಇಡಿ ಇಡ್ಕಂಡು ಕೆಳಕ್ಕೆ ಎಳಿ. ಅಷ್ಟೇ. ಬೆಲ್ಟು ನಿಲ್ತದೆ. ಅವರು ಬಟನ್ನಿಗೇ ನಿಂತದೆ ಅನ್ಕಂತಾರೆ.”

“ಸುಬ್ರಮಣಿ ಇಲ್ವಾ ಅಣ್ಣ?”

“ಎಲೆಕ್ಟ್ರಿಷಿಯನ್ ಎಲ್ಲಿ ಅಂತ ಕೇಳ್ತಾರೆ. ಅವನು ಪಕ್ಕದಲ್ಲೇ ನಿಂತಿರ್ಬೇಕು. ಲೋಡಿಂಗ್ ಅವರು ಲಾರಿ ಹತ್ರ ಇರ್ಬೇಕು.”

ಅದಷ್ಟೇ ಅಲ್ಲ ಎಂದು ನನಗೆ ಗೊತ್ತಿತ್ತು. ಒತ್ತಿದ್ದನ್ನು ನೋಡಿದೆ ಅಂತ ಹೇಳುತ್ತಿದ್ದವಳು ನಾನೊಬ್ಬಳೇ. ನನ್ನ ಬಾಯಿ ಬಾಗಿಲ ಹಿಂದೆ ಇರಬೇಕು, ನನ್ನ ಕೈ ಅವರ ಕೆಲಸಕ್ಕಾಗಬೇಕು. ಕಾಂತರಾಜಣ್ಣನಿಗೆ ಬುದ್ಧಿ ಇಲ್ಲ ಅಂತ ಯಾರೂ ಹೇಳುವ ಹಾಗಿಲ್ಲ.

“ದೇವರ ಪಟ ಐತಲ್ಲಣ್ಣ, ಒಳಗೆ?”

“ಪರವಾಗಿಲ್ಲ ಬಾ.”

“ಚಪ್ಪಲಿ?”

“ಆಕ್ಕಂಡೇ ಬಾ ಮಾರಾಯ್ತಿ.”

“ಓ. ದೇವರು ನಾಳೆ ರಜಾನಾ?”

ಅವರಿಗೆ ರೇಗಿತು. ಆದರೂ ತಡೆದುಕೊಂಡರು. “ನೋಡು, ಇದು ಮಾಡ್ಕೊಟ್ರೆ ರಾಧಾಮಣಿನ ವಾಪಸ್ ಕರ್ಕಂತೀವಿ. ಚೀಲದ ಬಾಯಿ ಒಲಿಯೋ ಕೆಲ್ಸ. ಕೂತ್ಕಂಡ್ ಮಾಡ್ಲಿ. ಇಲ್ಲಾಂದ್ರೆ ಅವಳಿಗೂ ಇಲ್ಲ, ನಿನಗೂ ಇಲ್ಲ.”

ರಾಧಾಮಣಿಗೆ ಕೆಲಸ ಬೇಕಿತ್ತು. ಆ ಕೈ ನೋಡಿ ಬೇರೆ ಯಾರೂ ಕೊಡುವುದಿಲ್ಲ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು.

*

ಸಂಜೆ ನಲ್ಲಿ ಹತ್ತಿರ ಕೊಡಗಳ ಜಗಳ ನಡೆಯುತ್ತಿತ್ತು. ಒಬ್ಬಳು ಇನ್ನೊಬ್ಬಳ ಜುಟ್ಟಿಗೆ ಕೈ ಹಾಕಿದಳು. ನಮ್ಮಪ್ಪ ಚಿಕ್ಕವೆಂಕಟಪ್ಪ ಜಗಲಿಯ ಮೇಲೆ ಕೂತಿದ್ದವನು ಊಟದ ತಟ್ಟೆಯನ್ನು ಕಲ್ಲಿಗೆ ಒಂದೇ ಒಂದು ಸಲ ಬಡಿದ. ಟಣ್. ಎಲ್ಲರೂ ಇದ್ದ ಹಾಗೇ ನಿಂತರು. ಜುಟ್ಟು ಹಿಡಿದ ಕೈ ಕೂಡ ನಿಂತಿತು.

ಇದು ನಮ್ಮ ಲೈನಿನ ಪದ್ಧತಿ. ಗಣಿಯಿಂದ ಮೇಲೆ ಬಂದದ್ದು. ಅಪ್ಪ ಗಣಿಯ ಬಾವಿಯಲ್ಲಿ, ಅಂದರೆ ಶಾಫ್ಟಿನಲ್ಲಿ, ಬೆಲ್ ಹೊಡೆಯುತ್ತಿದ್ದ. ಆಳುಗಳನ್ನು ತುಂಬಿಕೊಂಡು ಕಬ್ಬಿಣದ ಪಂಜರದಂಥ ಕೇಜು ಇಳಿಯುವಾಗ, ಏರುವಾಗ ಒಂದು ಬೆಲ್ ಬಿದ್ದರೆ ಮೇಲೆ ಎಂಜಿನ್ ನಡೆಸುವವನು ನಿಲ್ಲಿಸಲೇಬೇಕು. ಈಗ ಗಣಿಯಿಲ್ಲ, ಕೇಜಿಲ್ಲ. ತಟ್ಟೆ ಇದೆ.

“ಅಪ್ಪ, ಒಂದು ಬೆಲ್ ಒಡೆದ್ರೆ, ಯಾರು ಒಡೆದ್ರು ಅಂತ ಮೇಲಿಂದ ಕೇಳ್ತಿರ್ಲಿಲ್ವಾ?”

“ಕೇಳ್ತಿದ್ರಮ್ಮ. ನಿಲ್ಸಿ ಆಮೇಲೆ ಕೇಳ್ತಿದ್ರು. ಬೈತಿದ್ರು. ಬಿಳಿ ದೊರೆ ಕಾಲದಲ್ಲಿ ಒದೀತಿದ್ರಂತೆ. ಆದ್ರೆ ಮೊದ್ಲು ನಿಲ್ಲಿಸ್ತಿದ್ರು.” ಅಪ್ಪ ಕೆಮ್ಮಿದ. “ದೊರೆ ಒಡೆದ್ರೂ ಒಂದೇ, ನಾವೊಡೆದ್ರೂ ಒಂದೇ. ಆ ಬಾವಿ ಒಳಗೆ ನಮಗಿದ್ದ ಮರ್ಯಾದೆ ಅದೊಂದೇ ಕಣಮ್ಮ.”

ರಾಧಾಮಣಿ ಎಡಗೈಯಲ್ಲಿ ಕೊಡ ಹಿಡಿದು ನಿಂತಿದ್ದಳು. ಅವಳಿಗೆ ಎಲ್ಲಾ ಹೇಳಿದೆ. ಪೀಪಿ, ಸ್ವಿಚ್ಚು, ಚೀಲ ಹೊಲಿಯುವ ಕೆಲಸ. ಅವಳು ಎಳೆ ಅಂದರೆ ಎಳೆಯುತ್ತೇನೆ, ಬೇಡ ಅಂದರೆ ಇಲ್ಲ ಎಂದೆ. ಅವಳು ಕೊಡವನ್ನು ನಲ್ಲಿಯ ಕೆಳಗೆ ಇಟ್ಟಳು.

“ಅಕ್ಕಾ, ನನ್ನ ಊಟದ ಡಬ್ಬಿ ಅಲ್ಲೇ ಮೊಳೆಗೆ ತೂಗಾಕಿತ್ತಲ್ಲ. ಈಗ್ಲೂ ಐತಾ?”

“ಐತೆ. ನಾನೇ ತೊಳೆದು ಇಟ್ಟಿದೀನಿ. ಈಗ ಅದ್ಯಾಕೆ?”

“ನಾಳೆ ಬತ್ತೀನಿ. ತಕ್ಕಂಡು ಓಗ್ತೀನಿ.”

“ನಾನು ಏನು ಕೇಳಿದೆ, ನೀನು ಏನು ಏಳ್ತಿದೀಯೇ? ನಾಳೆ ಎಳೀಲಾ ಬ್ಯಾಡ್ವಾ?”

“ಡಬ್ಬಿ ತಕ್ಕಂಡು ಓಗ್ತೀನಿ ಅಕ್ಕಾ,” ಎಂದು ಕೊಡ ಸೊಂಟಕ್ಕೇರಿಸಿ ನಡೆದಳು. ಇವಳಿಗೆ ಬೆರಳಿನ ಜೊತೆ ತಲೆಯೂ ಹೋಯಿತೇನೋ ಎಂದು ನನಗೆ ಸಿಟ್ಟು ಬಂತು.

*

ಮರುದಿನ ಮಿಲ್ಲು ಮದುವೆ ಮನೆಯಾಗಿತ್ತು. ನೆಲ ಗುಡಿಸಿ ನೀರು ಹಾಕಿದ್ದರು. ಕೆಂಪಣ್ಣನ ಮುಖ ಒರೆಸಿ ಹಳೆಯ ಕುಂಕುಮ ತೆಗೆದಿದ್ದರು. ಹೆಂಗಸರಿಗೆಲ್ಲಾ ಕೈಗವಸು ಬಂದವು, ತಲೆಗೆ ಟೋಪಿ ಬಂದವು. ಸಂಜೆ ವಾಪಸ್ ಕೊಡಬೇಕು ಎಂದು ಕೊಡುವಾಗಲೇ ಹೇಳಿದರು.

ಬಂದವರು ಶಶಿರೇಖ ಎಂಬ ಹೆಣ್ಣುಮಗಳು. ಚಿಕ್ಕ ವಯಸ್ಸು. ಹಳದಿ ಹೆಲ್ಮೆಟ್ಟು, ದಪ್ಪ ಬೂಟು. ಕೋದಂಡಪ್ಪನವರು ಎಳನೀರು ಹಿಡಿದು ಎದುರು ಬಂದರು. ಆಕೆ ಎಳನೀರು ಆಮೇಲೆ ಎಂದರು. ಅಷ್ಟರಲ್ಲಿ ಕಾಂತರಾಜಣ್ಣ ನನ್ನನ್ನು ಪ್ಯಾನೆಲ್ ರೂಮಿಗೆ ತಳ್ಳಿದರು.

ನಾನು ಚಿಲಕ ಹಾಕಿಕೊಂಡೆ. ಚಪ್ಪಲಿ ಬಿಡಲಿಲ್ಲ.

ಗೋಡೆಯಲ್ಲಿ ಪಟವಿತ್ತು. ಪಟದ ಕೆಳಗೆ ಬೀಡಿ ತುಂಡುಗಳಿದ್ದವು. ದೇವರನ್ನು ನೋಡಿದೆ. ದೇವರೂ ನೋಡಿದರು. ಏನೂ ಆಗಲಿಲ್ಲ. ಪಕ್ಕದಲ್ಲೇ ಡ್ರೈವಿನ ಪೆಟ್ಟಿಗೆ. ಕೆಳಗಿನ ಮುಚ್ಚಳ ತೆರೆದಿತ್ತು. ಅಲ್ಲಿ ಬೆರಳುದ್ದದ ವೈರು, ಎರಡು ಸ್ಕ್ರೂಗಳ ನಡುವೆ, ಬಗ್ಗಿ ಕೂತಿತ್ತು. ಇಷ್ಟೇ ಇಷ್ಟು. ಇದಕ್ಕಾಗಿ ಅವಳು ಊರಿಗೆಲ್ಲಾ ಸುಳ್ಳಿಯಾದಳು. ಕಣ್ಣಲ್ಲಿ ನೀರು ಬಂತು. ಸಿಟ್ಟಿಗೆ ಬಂದ ನೀರು ಅದು.

ಮೇನ್ ಸ್ವಿಚ್ಚಿನ ಹಿಡಿಯ ಮೇಲೆ ಕೈ ಇಟ್ಟೆ. ಚೀಲ ಹೊಲಿಯುವ ಕೆಲಸ ನೆನಪಾಯಿತು. ಎಳೆದರೆ ಅವಳಿಗೆ ಅನ್ನ ಸಿಗುತ್ತದೆ, ಮಾತು ಹೋಗುತ್ತದೆ. ಎಳೆಯದಿದ್ದರೆ ಅನ್ನ ಹೋಗುತ್ತದೆ, ಮಾತು ಸಿಗುತ್ತದೆ. ಎರಡೂ ಅವಳವೇ. ಎರಡನ್ನೂ ಕೊಡಬೇಕಾದವರು ಎಳನೀರು ಹಿಡಿದು ಹೊರಗೆ ನಿಂತಿದ್ದರು.

ಪೀಪಿ ಕೂಗಿತು.

ನನ್ನ ಕೈ ಹಿಡಿಯ ಮೇಲೇ ಇತ್ತು. ತೆಗೆದೆ. ಅಲ್ಲೊಂದು ಪ್ಲಾಸ್ಟಿಕ್ ಕುರ್ಚಿ ಇತ್ತು, ಕಾಂತರಾಜಣ್ಣನದು. ಆ ಮಿಲ್ಲಿನಲ್ಲಿ ನಾನು ಕುರ್ಚಿ ಮುಟ್ಟಿದ್ದಿಲ್ಲ. ಅದರ ಮೇಲೆ ಕೂತೆ. ಸುಖವಾಗಿಯೇ ಇತ್ತು.

ಪೀಪಿ ಮತ್ತೆ ಕೂಗಿತು. ಬೆಲ್ಟು ಗರಗರ ಓಡುತ್ತಲೇ ಇತ್ತು. ಗೋಡೆಯ ಮೇಲಿನ ಕಿಂಡಿಯಿಂದ ಎಲ್ಲಾ ಕೇಳುತ್ತಿತ್ತು.

“ಒತ್ತಿ ಹಿಡಿದಿದ್ದೀನಿ. ಯಾಕೆ ನಿಲ್ತಾ ಇಲ್ಲ?” ಎಂದರು ಶಶಿರೇಖ.

“ನಿಲ್ತದೆ ಮೇಡಂ. ದೊಡ್ಡ ಮೋಟಾರು. ಸ್ವಲ್ಪ ಯೋಚ್ನೆ ಮಾಡ್ತದೆ,” ಎಂದರು ಕೋದಂಡಪ್ಪನವರು.

ಪೀಪಿ. ಪೀಪಿ. ಪೀಪಿ. ಕಾಂತರಾಜಣ್ಣನ ಕೆನ್ನೆ ಎಷ್ಟು ಊದಿಕೊಂಡಿದೆಯೋ ಎಂದು ನೆನೆದು ನನಗೆ ನಗು ತಡೆಯಲಾಗಲಿಲ್ಲ. ಆಮೇಲೆ ಓಡಿಬಂದ ಹೆಜ್ಜೆ ಸದ್ದು. ಕಾಂತರಾಜಣ್ಣ ಬಾಗಿಲು ದಬದಬ ಬಡಿದರು.

“ಇಂದ್ರಾಣಿ! ಏನೇ ಮಾಡ್ತಿದೀಯ? ಎಳಿಯೇ!”

“ಯಾಕಣ್ಣ?”

“ಅವರು ಬಟನ್ ಒತ್ತವ್ರೆ ಕಣೇ!”

ನಾನು ಬಾಗಿಲ ಹತ್ತಿರ ಹೋಗಿ ಎಲ್ಲರಿಗೂ ಕೇಳುವ ಹಾಗೆ ಕೂಗಿದೆ.

“ಒತ್ತಿಲ್ಲ ಅಣ್ಣ. ಒತ್ತಿದ್ರೆ ನಿಲ್ತಿತ್ತಲ್ಲ? ಮೇಡಂ ಗಾಬ್ರೀಲಿ ಕಂಬ ಒತ್ತಿರ್ಬೇಕು. ಆಗ್ತದೆ, ತಪ್ಪಲ್ಲ. ಅಂಗೇ ಏಳಿ.”

ಆಚೆ ಬೆಲ್ಟೊಂದೇ ಮಾತಾಡುತ್ತಿತ್ತು. ಬಾಗಿಲು ಬಡಿಯುವ ಕೈಯೂ ನಿಂತಿತು.

ಆಗ ಕೇಳಿಸಿತು. ಟಣ್.

ಕಬ್ಬಿಣದ ಕಂಬಕ್ಕೆ ಸ್ಟೀಲಿನ ಡಬ್ಬಿಯ ಏಟು. ಒಂದೇ ಏಟು. ನಮ್ಮ ಲೈನಿನವರು ಬಿಟ್ಟರೆ ಹಾಗೆ ಒಂದು ಬಡಿದು ಸುಮ್ಮನಾಗುವುದು ಯಾರಿಗೂ ಬರುವುದಿಲ್ಲ. ಡಬ್ಬಿ ತಕ್ಕಂಡು ಓಗ್ತೀನಿ ಎಂದಿದ್ದಳಲ್ಲ ಮುಂಡೇದು, ತಕ್ಕಂಡಿದ್ದಳು.

ನಾನು ಯಾರು ಎಂದು ಕೇಳಲಿಲ್ಲ. ಯಾಕೆ ಎಂದು ಕೇಳಲಿಲ್ಲ. ಎರಡೂ ಕೈಯಲ್ಲಿ ಹಿಡಿ ಹಿಡಿದು ಎಳೆದೆ.

ಮಿಲ್ಲು ನಿಂತಿತು. ಬೆಲ್ಟು, ಮಿಕ್ಸರ್, ಫ್ಯಾನು, ಎಲ್ಲಾ. ತಗಡಿನ ಮೇಲೆ ಕಾಗೆ ನಡೆಯುವುದು ಕೇಳಿಸಿತು.

ಚಿಲಕ ತೆಗೆದು ಹೊರಗೆ ಬಂದೆ. ಕಂಬದ ಪಕ್ಕ ರಾಧಾಮಣಿ, ಎಡಗೈಯಲ್ಲಿ ಡಬ್ಬಿ. ಶಶಿರೇಖ ಇನ್ನೂ ಕೆಂಪು ಬಟನ್ ಒತ್ತಿಕೊಂಡೇ ನಿಂತಿದ್ದರು.

“ಈಗ ನಿಲ್ಲಿಸಿದವರು ಯಾರು?” ಎಂದು ಕೇಳಿದರು.

“ಅವ್ಳು,” ಎಂದೆ.

ರಾಧಾಮಣಿ ಬಲಗೈಯ ಬಟ್ಟೆ ಬಿಚ್ಚಿದಳು. “ಅವತ್ತು ನಾನೂ ನಿಮ್ಮಂಗೇ ಒತ್ಕಂಡು ನಿಂತಿದ್ದೆ ಮೇಡಂ,” ಎಂದಳು. ಅಷ್ಟೇ ಹೇಳಿದ್ದು. ಆಕೆ ಆ ಕೈ ನೋಡಿದರು. ತಮ್ಮ ಕೈಯನ್ನು ಬಟನ್ನಿನಿಂದ ತೆಗೆದರು. ಆಮೇಲೆ ಸುಬ್ರಮಣಿ ತಾನಾಗಿಯೇ ಬಾಯಿ ಬಿಟ್ಟ. ವೈರು, ಇಲಿ, ಗೋಡೆ ಎಲ್ಲಾ ಹೇಳಿದ. ಅರ್ಧ ತಮಿಳಿನಲ್ಲಿ ಹೇಳಿದ.

“ಎಲ್ಲಾ ಸರಿ ಮಾಡ್ಸೋಣ, ಮೊದ್ಲು ಬೆಲ್ಟು ಆನ್ ಮಾಡ್ರಯ್ಯ! ಕಾಕಂಬಿ ಗಟ್ಟಿಯಾಗ್ತದೆ!” ಎಂದು ಕೋದಂಡಪ್ಪನವರು ಕೂಗಿದರು.

ಹೆಂಗಸರು ಕೈಗವಸು ಬಿಚ್ಚಿದರು. ಬೆಲ್ಟಿನ ಮೇಲೆ ಸಾಲಾಗಿ ಇಟ್ಟರು. ಯಾರೂ ಮಾತಾಡಿಕೊಂಡಿರಲಿಲ್ಲ. ಎಲ್ಲರೂ ನೆಲದ ಮೇಲೆ ಕೂತರು. ನಾನು ಒಳಗೆ ಹೋಗಿ ಕುರ್ಚಿ ತಂದು ಹಾಕಿದೆ. ರಾಧಾಮಣಿಯನ್ನು ಕೂರಿಸಿದೆ.

“ಆ ಕುರ್ಚಿ...” ಎಂದರು ಕಾಂತರಾಜಣ್ಣ.

“ಗಟ್ಟಿಯಾಗ್ಲಿ ಬಿಡಿ,” ಎಂದಳು ರಾಧಾಮಣಿ, ಕೋದಂಡಪ್ಪನವರಿಗೆ. “ವೈರು ಎಳೀರಿ. ಆಮೇಲೆ ಎದ್ದೇಳ್ತೀವಿ.”

*

ಗೋಡೆ ಒಡೆದು ವೈರು ಎಳೆಯಲು ಮಿಲ್ಲು ಇಡೀ ದಿನ ನಿಲ್ಲಬೇಕು ಎಂದು ಹೇಳುತ್ತಿದ್ದರಲ್ಲ, ಅದು ನಾವು ಡಬ್ಬಿ ಬಿಚ್ಚಿ ಊಟ ಮಾಡುವ ಹೊತ್ತಿಗೆ ಮುಗಿದಿತ್ತು. ಸುಬ್ರಮಣಿ ಗೋಡೆ ಒಡೆದ. ಪೀಪಿ ಜೇಬಿಗೆ ಹಾಕಿಕೊಂಡು ಕಾಂತರಾಜಣ್ಣನೇ ಇಟ್ಟಿಗೆ ಚೂರು ಹೊತ್ತರು. ಚೆನ್ನಾಗಿಯೇ ಹೊರುತ್ತಾರೆ. ಅಭ್ಯಾಸ ಮಾಡಿಸಿದರೆ ಒಳ್ಳೆಯ ಕೂಲಿಯಾಳು ಆಗುತ್ತಾರೆ. ಬೆರಳುದ್ದದ ವೈರನ್ನು ಸುಬ್ರಮಣಿ ಕಿತ್ತು ತಂದು ಶಶಿರೇಖ ಅವರ ಕೈಗೆ ಕೊಟ್ಟ. ರಾಧಾಮಣಿಗೆ ಸಿಗಬೇಕಾದದ್ದು ಸಿಗಬೇಕು ಎಂಬ ಜಗಳ ಬೇರೆ, ಅದು ಇನ್ನೂ ನಡೆಯುತ್ತಿದೆ. ನಾವೂ ಬಿಟ್ಟಿಲ್ಲ.

ಮೇನ್ ಏರಿಸಿದರು. ಬೆಲ್ಟು ಓಡಿತು. ಒತ್ತಿ ನೋಡೋಣ ಎಂದು ಶಶಿರೇಖ ಕೈ ಎತ್ತಿದರು. ರಾಧಾಮಣಿ ಕುರ್ಚಿಯಿಂದ ಎದ್ದು ಬಂದು ಅವರ ಮುಂದೆ ನಿಂತಳು. ಆಕೆ ಪಕ್ಕಕ್ಕೆ ಸರಿದರು.

ರಾಧಾಮಣಿ ಬಲಗೈ ಎತ್ತಿದಳು. ಉಳಿದ ಬೆರಳುಗಳಿಂದ ಒತ್ತಿದಳು. ಬೆಲ್ಟು ನಿಂತಿತು.

ಯಾರೋ ಉಸಿರು ಬಿಟ್ಟದ್ದು ಕೇಳಿಸಿತು. ನಾನೇ ಇರಬೇಕು.

“ಆಯ್ತಲ್ಲ,” ಎಂದರು ಕೋದಂಡಪ್ಪನವರು.

“ಇನ್ನೊಂದ್ಸಲ ಓಡ್ಸು ಸುಬ್ರಮಣಿ,” ಎಂದಳು ಅವಳು. ಅವನು ಬಟನ್ ತಿರುಗಿಸಿ ಎತ್ತಿ ಬೆಲ್ಟು ಓಡಿಸಿದ. ಅವಳು ಒತ್ತಿದಳು. ನಿಂತಿತು. ಇನ್ನೊಂದು ಸಲ. ನಿಂತಿತು. ಮತ್ತೊಂದು ಸಲ. ಪ್ರತಿ ಸಲ ನಿಂತಾಗಲೂ ಅವಳು ತಿರುಗಿ ಕಾಂತರಾಜಣ್ಣನ ಮುಖ ನೋಡುತ್ತಿದ್ದಳು. ಅವಳ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲು ಅವಳಿಗೆ ಪುರುಸೊತ್ತಿರಲಿಲ್ಲ.

“ಸಾಕು ಬಿಡಮ್ಮ,” ಎಂದರು ಕಾಂತರಾಜಣ್ಣ, ದನಿ ಇಳಿದಿತ್ತು. “ಇನ್ನೂ ಎಷ್ಟು ಸಲ ಒತ್ತೀಯ?”

“ಅವತ್ತು ಎಷ್ಟು ಸಲ ಒತ್ತಿದ್ನೋ ಅಷ್ಟು ಸಲ.”

ಅದು ಎಷ್ಟು ಎಂದು ಅವಳಿಗೇ ಗೊತ್ತಿರಲಿಲ್ಲ. ನಾವು ಕೂತೇ ಇದ್ದೆವು. ನಮಗೆ ಅವಸರವಿರಲಿಲ್ಲ.